ಫ್ಲಾರೆನ್ಸಿನಲ್ಲಿ ಜಂಟಿ ತಪಾಸಣೆ

ಗಂಡ ಹೆಂಡಿರಲ್ಲಿ ಒಬ್ಬರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿಯೂ ಇನ್ನೊಬ್ಬರು ಬ್ಯಾಂಕಿನ ಸಾಲ ವಸೂಲಿ ವಿಭಾಗದಲ್ಲಿಯೂ ತಲೆ ನರೆಸಿಕೊಂಡು ನಿವೃತ್ತರಾಗಿದ್ದರೆ, ಅಂಥ ಜೋಡಿಯನ್ನು ಫ್ಲಾರೆನ್ಸ್ ನಗರಕ್ಕೆ ಕಳಿಸಬಾರದು. ಬೇರೆ ಊರುಗಳಲ್ಲಾದರೆ ದಾರಿ ತಪ್ಪಿದ್ದಕ್ಕೋ ಊಟಕ್ಕೆ ಹೊತ್ತಾದದ್ದಕ್ಕೋ ಜಗಳ ಬರುತ್ತದೆ. ಇಲ್ಲಿ ಈ ಊರನ್ನು ಕಟ್ಟಿದವರು ಯಾರು ಎನ್ನುವುದಕ್ಕೇ ಬರುತ್ತದೆ. ಇಂಜಿನಿಯರು ನಮ್ಮ ಮನೆಯಾಕೆ. ಬ್ಯಾಂಕಿನವನು ನಾನು.

ಮ್ಯೂನಿಕ್‌ನಲ್ಲಿರುವ ಮಗಳ ಬಾಣಂತನಕ್ಕೆಂದು ಹೋದವರು ನಾವು. ಮಗುವಿನ ಕತ್ತು ನಿಂತು, ಅಳಿಯನಿಗೂ ಒಂದಿಷ್ಟು ರಜೆ ಸಿಕ್ಕ ಮೇಲೆ ಮಗಳು, "ನೀವಿಬ್ರೂ ಎಲ್ಲಾದ್ರೂ ಹೋಗ್ಬನ್ನಿ" ಎಂದು ಟಿಕೆಟು ತೆಗೆಸಿ, ನೋಡಬೇಕಾದ ಜಾಗಗಳ ಪಟ್ಟಿಯನ್ನೂ ವಾಟ್ಸ್ಯಾಪಿಗೆ ಹಾಕಿದಳು. ಪಟ್ಟಿಯ ತುದಿಯಲ್ಲಿ ಉಫಿಜಿ ಚಿತ್ರಶಾಲೆ, ಅದರ ಮುಂದೆ ಮೂರು ನಕ್ಷತ್ರ. ಅದನ್ನು ಬಿಟ್ಟು ಬಂದರೆ ಮನೆಯ ಬಾಗಿಲು ತೆಗೆಯುವುದಿಲ್ಲ ಎಂದೇ ಅರ್ಥ.

ಬೆಳಿಗ್ಗೆ ಸಾಂತಾ ಮರಿಯಾ ದೆಲ್ ಫಿಯೋರೆ ಎಂಬ ದೊಡ್ಡ ಇಗರ್ಜಿಯ ಮುಂದೆ ನಿಂತೆವು. ಬಂದವರೆಲ್ಲ ಬಿಳಿ, ಹಸಿರು, ನಸುಗೆಂಪು ಅಮೃತಶಿಲೆಯ ಮುಂಗೋಡೆಗೆ ಬೆನ್ನು ಮಾಡಿ ಸೆಲ್ಫಿ ತೆಗೆಯುತ್ತಿದ್ದರು. ಇವಳು ಅದರತ್ತ ಒಮ್ಮೆ ಕಣ್ಣು ಹಾಯಿಸಿ, "ಇದು ಈಚಿನದು ಬಿಡಿ" ಎಂದಳು. ನಿಜವೇ. ಕಟ್ಟಡದ ಕೆಲಸ ಶುರುವಾದದ್ದು 1296ರಲ್ಲಿ. ಅರ್ಧಕ್ಕೆ ನಿಂತಿದ್ದ ಹಳೆಯ ಮುಂಗೋಡೆಯನ್ನು 1587ರಲ್ಲಿ ಕಿತ್ತುಹಾಕಿದರು. ಆಮೇಲೆ ಮುನ್ನೂರು ವರ್ಷ ಬೋಳುಗೋಡೆ; ಈಗ ಕಾಣುವುದು ಮುಗಿದದ್ದು 1887ರಲ್ಲಿ. ಇಲಾಖೆಯ ಕಾಮಗಾರಿ ತಡವಾಯಿತೆಂದು ಬೈಯುವ ನಮ್ಮ ಬೀದಿಯವರಿಗೆ ತೋರಿಸಲು ಇವಳು ಮೊದಲ ಮತ್ತು ಕೊನೆಯ ಇಸವಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡಳು.

ಅವಳು ಬಂದದ್ದು ಗುಮ್ಮಟಕ್ಕೆ. ಅದನ್ನು ಸೆಂಟ್ರಿಂಗ್ ಇಲ್ಲದೆ ಕಟ್ಟಿದ್ದಾರೆ ಎಂದು ಕಾಲೇಜಿನಲ್ಲಿ ಯಾರೋ ಮೇಷ್ಟರು ಹೇಳಿದ್ದರಂತೆ. ಅಂದಿನಿಂದ ಆ ಮಾತು ಅವಳ ತಲೆಯಲ್ಲಿ ಕೂತಿತ್ತು. ಮನೆ ಕಟ್ಟಿಸಿದ ಕನ್ನಡಿಗರಿಗೆಲ್ಲ ಸೆಂಟ್ರಿಂಗ್ ಗೊತ್ತು: ತಾರಸಿ ಹಾಕುವ ಮೊದಲು ಕೆಳಗೆ ಹಲಗೆ ಕೊಟ್ಟು, ಸರ್ವೆ ಕಂಬ ನಿಲ್ಲಿಸಿ, ಅದರ ಬಾಡಿಗೆ ದಿನದಿನಕ್ಕೆ ಏರುವುದನ್ನು ನೋಡುತ್ತ ನಿದ್ದೆಗೆಡುತ್ತೇವಲ್ಲ, ಅದು. ಗುಮ್ಮಟಕ್ಕೂ ಅಂಥದೇ ಮರದ ಆಸರೆ ಬೇಕು. ಕೊನೆಯ ಸುತ್ತು ಕೂಡಿಕೊಂಡು ಗಾರೆ ಗಟ್ಟಿಯಾಗುವತನಕ ಭಾರ ಹೊರುವುದು ಮರವೇ. ಫ್ಲಾರೆನ್ಸಿನವರು ಹಿಂದುಮುಂದು ನೋಡದೆ ಎಂಟು ಮೂಲೆಯ ಗೋಡೆಯನ್ನು ಆಕಾಶಕ್ಕೆ ಎಬ್ಬಿಸಿಬಿಟ್ಟಿದ್ದರು. ಬಾಯಿಯ ಅಗಲ ಸುಮಾರು 45 ಮೀಟರ್. ಆ ಎತ್ತರಕ್ಕೆ, ಆ ಅಗಲಕ್ಕೆ ಆಸರೆ ಕೊಡುವಷ್ಟು ಮರ ತರುವುದು ಎಲ್ಲಿಂದ? ಗುಮ್ಮಟ ಬರಬೇಕಾದ ಜಾಗ ಹಾಗೇ ಬಾಯಿ ತೆರೆದುಕೊಂಡು ಮಳೆಗಾಳಿಗೆ ಒಡ್ಡಿಕೊಂಡಿತ್ತು. ಕೊನೆಗೆ 1418ರಲ್ಲಿ, ಉಪಾಯ ಗೊತ್ತಿದ್ದವರು ಬನ್ನಿ ಎಂದು ಡಂಗುರ ಹೊಡೆಸಿದರು.

ಬಂದವನು ಫಿಲಿಪ್ಪೊ ಬ್ರುನೆಲ್ಲೆಸ್ಕಿ. ಆಸರೆಯೇ ಬೇಡ ಅಂದ. ಹೇಗೆಂದು ಕೇಳಿದರೆ ಪೂರ್ತಿ ಹೇಳಲೊಲ್ಲ. ಬೇಕಾದರೆ ಇಟ್ಟಿಗೆಯಲ್ಲಿ ಮಾದರಿ ಕಟ್ಟಿ ತೋರಿಸುತ್ತೇನೆ ಅಂದ, ಕಟ್ಟಿಯೂ ತೋರಿಸಿದ.

"ಅವನು ಕಲಿತದ್ದು ಅಕ್ಕಸಾಲಿಗರ ಕೆಲಸವಂತೆ ಕಣೇ" ಎಂದು ನಾನು ಕೈಪುಸ್ತಕ ನೋಡಿ ಓದಿದೆ.

"ಅಂದ್ರೆ ಕ್ಲಾಸ್ ಒನ್ ಕಂಟ್ರಾಕ್ಟರೂ ಅಲ್ಲ. ಡ್ರಾಯಿಂಗ್ ಕೊಟ್ಟಿಲ್ಲ. ಎಸ್ಟಿಮೇಟ್ ಹೇಗೆ ಸ್ಯಾಂಕ್ಷನ್ ಮಾಡಿದ್ರೋ!" ಇಲಾಖೆಯ ನಿಯಮಗಳೆಲ್ಲ ಒಂದೇ ಸಲ ಮುರಿದುಬಿದ್ದ ಕಡೆ ಇಷ್ಟು ಒಳ್ಳೆಯ ಕೆಲಸ ಆಗಿರುವುದು ಅವಳಿಗೆ ಸಂತೋಷವನ್ನೂ ಕೊಟ್ಟಿತು, ಕಸಿವಿಸಿಯನ್ನೂ ತಂದಿತು.

ಮೇಲಕ್ಕೆ 463 ಮೆಟ್ಟಿಲು. ಲಿಫ್ಟ್ ಇಲ್ಲ. ಮಂಡಿಗೆ ಬೆಲ್ಟು ಹಾಕಿಕೊಂಡು ಇವಳು ಮುಂದೆ, ನೀರಿನ ಬಾಟಲಿ ಹೊತ್ತು ನಾನು ಹಿಂದೆ. ಗುಮ್ಮಟಕ್ಕೆ ಒಳಗೊಂದು ಹೊರಗೊಂದು ಎಂದು ಎರಡು ಚಿಪ್ಪು. ಮೆಟ್ಟಿಲು ಹತ್ತುವುದು ಅವೆರಡರ ನಡುವಿನ ಇಕ್ಕಟ್ಟಿನಲ್ಲಿ. ಹಿಂದಿನಿಂದ ಬಂದವರು ಏದುಸಿರು ಬಿಡುತ್ತ ಕಾಯುತ್ತಿದ್ದರೂ ಲೆಕ್ಕಿಸದೆ ಇವಳು ಅಲ್ಲಲ್ಲಿ ನಿಂತು ಗೋಡೆ ಸವರಿದಳು. ಇಟ್ಟಿಗೆಯ ಸಾಲುಗಳು ಮಲಗಿರುವ ಕಡೆ, ಅಷ್ಟಷ್ಟು ದೂರಕ್ಕೊಂದು ಇಟ್ಟಿಗೆ ನೆಟ್ಟಗೆ ನಿಂತಿರುತ್ತದೆ. ಆ ನಿಂತ ಇಟ್ಟಿಗೆಗಳು ಸಾಲಿನಿಂದ ಸಾಲಿಗೆ ಓರೆಯಾಗಿ ಸುತ್ತಿಕೊಂಡು ಮೇಲೇರುತ್ತವೆ. ಗೋಡೆ ಒಳಕ್ಕೆ ವಾಲತೊಡಗಿದಾಗ ಹಸಿ ಗಾರೆಯ ಮೇಲಿಟ್ಟ ಇಟ್ಟಿಗೆ ಜಾರಬೇಕು ತಾನೆ? ಜಾರದಂತೆ ತಡೆಯುವುದು ಈ ನಿಂತ ಇಟ್ಟಿಗೆ. ಕಪಾಟಿನಲ್ಲಿ ಪುಸ್ತಕಗಳು ಮಗ್ಗುಲಿಗೆ ಬೀಳದಿರಲೆಂದು ನಡುನಡುವೆ ದಪ್ಪ ನಿಘಂಟು ನಿಲ್ಲಿಸುತ್ತೇವಲ್ಲ, ಹಾಗೆ. ಒಂದು ಸುತ್ತು ಪೂರ್ತಿ ಕೂಡಿಕೊಂಡರೆ ಅದು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಮುಂದಿನ ಸುತ್ತಿಗೆ ಅದೇ ಅಡಿಪಾಯ. ಹೀಗೆ ನಲವತ್ತು ಲಕ್ಷಕ್ಕೂ ಮಿಕ್ಕ ಇಟ್ಟಿಗೆ. 1420ರಲ್ಲಿ ಶುರುವಾದದ್ದು 1436ಕ್ಕೆ ಮುಗಿಯಿತು.

ನಡುವೆ ಒಂದು ಮೊಗಸಾಲೆ ಸಿಗುತ್ತದೆ. ಅಲ್ಲಿಂದ ಗುಮ್ಮಟದ ಒಳಮೈಯ ಮೇಲೆ ವಸಾರಿ ಮತ್ತು ಜುಕ್ಕಾರಿ ಬರೆದ ಕೊನೆಯ ತೀರ್ಪಿನ ಚಿತ್ರ ಕೈಗೆ ಸಿಗುವಷ್ಟು ಹತ್ತಿರ: ಪಾಪಿಗಳನ್ನು ದೆವ್ವಗಳು ತಿವಿದು, ಸುಟ್ಟು, ನುಂಗುತ್ತಿವೆ. ಎಲ್ಲರೂ ದೆವ್ವಗಳ ಫೋಟೋ ಹೊಡೆದುಕೊಳ್ಳುತ್ತಿದ್ದರೆ ಇವಳು ಬಿರುಕು ಹುಡುಕುತ್ತಿದ್ದಳು. ಈ ಗುಮ್ಮಟಕ್ಕೆ ದೊಡ್ಡ ಬಿರುಕುಗಳೇ ಇವೆ. ಅವು ಎಷ್ಟು ಬಾಯಿ ಬಿಡುತ್ತಿವೆ ಎಂದು ಅಳೆಯಲು ಉಪಕರಣ ಕೂರಿಸಿದ್ದಾರೆ. "ಬಿರುಕು ಬಿಟ್ಟೂ ನಿಂತಿರೋದೇ ನೋಡಿ ಡಿಸೈನು" ಎಂದಳು. ಒಂದು ಕಾಲಕ್ಕೆ ಅವಳ ಕಚೇರಿ ವಿಜಯಪುರದಲ್ಲಿತ್ತು. ಗೋಲಗುಮ್ಮಟದ ಹೊರವ್ಯಾಸ 44 ಮೀಟರ್, ಕೆಳಗೆ ಒಂದೂ ಕಂಬವಿಲ್ಲ. ಒಂದರೊಳಗೊಂದು ಹೆಣೆದ ಎಂಟು ಕಮಾನುಗಳೇ ಆ ಭಾರವನ್ನು ಗೋಡೆಗೆ ಇಳಿಸುತ್ತವೆ. ಆ ಊರಿಗೆ ಯಾರೇ ಬಂದರೂ ತಾನೇ ಕರೆದುಕೊಂಡು ಹೋಗಿ ಇದನ್ನು ವಿವರಿಸುತ್ತಿದ್ದವಳು ಅವಳು. ಬಂದವರೆಲ್ಲ ಏಳು ಸಲ ಪ್ರತಿಧ್ವನಿ ಕೇಳಿ ಚಪ್ಪಾಳೆ ಹೊಡೆದು ಇಳಿಯುತ್ತಿದ್ದರು, ಕಮಾನು ನೋಡುತ್ತಿರಲಿಲ್ಲ. ಆ ಹಳೆಯ ಸಿಟ್ಟು ಅಂದು ಫ್ಲಾರೆನ್ಸಿನ ದೆವ್ವಗಳ ಮುಂದೆ ಸ್ವಲ್ಪ ಹೊರಬಂತು.

ಕೆಲಸದ ರಾಜಕೀಯವೂ ಅವಳಿಗೆ ಇಷ್ಟವಾಯಿತು. ಗುಮ್ಮಟದ ಉಸ್ತುವಾರಿಯನ್ನು ಬ್ರುನೆಲ್ಲೆಸ್ಕಿಯೊಬ್ಬನಿಗೇ ಕೊಡಲು ಧೈರ್ಯ ಸಾಲದೆ, ಜೊತೆಗೆ ಲೊರೆಂಜೊ ಗಿಬೆರ್ತಿಯನ್ನೂ ಕೂರಿಸಿದರು. ಸಂಬಳ ಇಬ್ಬರಿಗೂ ಸಮ. ಇದೇ ಗಿಬೆರ್ತಿ 1401ರ ಪೈಪೋಟಿಯಲ್ಲಿ ಎದುರಿನ ದೀಕ್ಷಾಗೃಹದ ಕಂಚಿನ ಬಾಗಿಲುಗಳ ಕೆಲಸವನ್ನು ಬ್ರುನೆಲ್ಲೆಸ್ಕಿಯ ಕೈಯಿಂದ ಕಸಿದವನು. ಗುಮ್ಮಟದ ಚಿತ್ರಕಾರ ವಸಾರಿಯೇ ತನ್ನ ಪುಸ್ತಕದಲ್ಲಿ ಬರೆದಿರುವಂತೆ, ಒಂದು ಬೆಳಿಗ್ಗೆ ಬ್ರುನೆಲ್ಲೆಸ್ಕಿ ಹುಷಾರಿಲ್ಲವೆಂದು ತಲೆಗೆ ಬಟ್ಟೆ ಸುತ್ತಿಕೊಂಡು ಮಲಗಿಬಿಟ್ಟ. ಮೇಸ್ತ್ರಿಗಳು ಮುಂದೇನು ಎಂದು ಗಿಬೆರ್ತಿಯ ಮುಖ ನೋಡಿದರು. ಗಿಬೆರ್ತಿ ಮುಗಿಲು ನೋಡಿದ. ಕೆಲಸ ನಿಂತಿತು. ಯಾರ ತಲೆಯಲ್ಲಿ ಏನಿದೆ ಎಂಬುದು ಊರಿಗೆಲ್ಲ ತಿಳಿಯಿತು. ವಸಾರಿ ಇದನ್ನು ಬರೆದದ್ದು ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಉಪ್ಪುಖಾರ ಸೇರಿಕೊಂಡಿರಬಹುದು. ಇವಳಿಗೆ ಅನುಮಾನವೇ ಇರಲಿಲ್ಲ. "ಮೆಡಿಕಲ್ ಲೀವ್! ನಾನು ಮಾಡಬೇಕಿತ್ತು ಇದನ್ನ" ಎಂದಳು. ಯಾವ ಕಾಮಗಾರಿಯಲ್ಲಿ, ಯಾರ ವಿರುದ್ಧ ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದು ಬಹಳ ಸಲ ಆಡಿ ಮುಗಿದ ಕತೆ.

ನನ್ನ ಪ್ರಶ್ನೆ ಬೇರೆ. "ಅಷ್ಟು ಎತ್ತರದಲ್ಲಿ ಕೆಲಸ ಮಾಡೋರು ಮಧ್ಯಾಹ್ನದ ಊಟಕ್ಕೆ ಇಳಿದು ಬರ್ತಿದ್ರಾ? ಇಳಿದು ಹತ್ತೋದ್ರಲ್ಲೇ ಅರ್ಧ ದಿನದ ಕೂಲಿ ಹೋಯ್ತಲ್ಲ." ಇವಳು ನಕ್ಕಳು, ಇಡೀ ಗುಮ್ಮಟದಲ್ಲಿ ನಿಮಗೆ ಕಂಡದ್ದು ಊಟವೇ ಎಂದಳು. ಆದರೆ ಬ್ರುನೆಲ್ಲೆಸ್ಕಿಗೂ ಕಂಡದ್ದು ಅದೇ. ಮೇಲೆಯೇ ಅಡುಗೆಮನೆ ಮಾಡಿಸಿ, ರೊಟ್ಟಿ ದ್ರಾಕ್ಷಾರಸಗಳನ್ನು ಅಲ್ಲಿಯೇ ಮಾರುವಂತೆ ಏರ್ಪಾಟು ಮಾಡಿದ್ದನೆಂದು ಅದೇ ವಸಾರಿ ಬರೆದಿದ್ದಾನೆ. ನನ್ನ ಕಡೆಗೂ ಒಂದು ಅಂಕ ಬಿತ್ತು.

ತುದಿಯಲ್ಲಿ ಗಾಳಿ. ಕೆಳಗೆ ಹೆಂಚಿನ ಮಾಡುಗಳ ಕೆಂಪು, ಅದರಾಚೆ ಆರ್ನೋ ನದಿ. ಸುತ್ತ ಇದ್ದವರೆಲ್ಲ ಮೌನವಾಗಿದ್ದರು. ನಾನು ಆ ಮೌನವನ್ನು ಮುರಿದು, "ದುಡ್ಡು ಕೊಟ್ಟವರು ಯಾರು?" ಎಂದು ಕೇಳಿದೆ. ವಸೂಲಿ ವಿಭಾಗದವನ ಬಾಯಿ.

ಕೊಟ್ಟವರು ಉಣ್ಣೆಯವರು. ಈ ಕಟ್ಟಡದ ಹೊಣೆಯನ್ನೆಲ್ಲ ಹೊತ್ತಿದ್ದದ್ದು ಉಣ್ಣೆ ಬಟ್ಟೆ ವರ್ತಕರ ಸಂಘ. ಈ ಊರು 1252ರಲ್ಲಿ ಫ್ಲೊರಿನ್ ಎಂಬ ಚಿನ್ನದ ನಾಣ್ಯ ಹೊರಡಿಸಿತು: ಒಂದು ಮುಖದಲ್ಲಿ ಲಿಲಿ ಹೂ, ಇನ್ನೊಂದರಲ್ಲಿ ಸಂತ ಯೋಹಾನ, ತೂಕ ಮೂರೂವರೆ ಗ್ರಾಂ. ಚಿನ್ನದಲ್ಲಿ ಕಲಬೆರಕೆ ಇಲ್ಲ ಎಂಬ ನಂಬಿಕೆ ಹುಟ್ಟಿದ ಮೇಲೆ ಯುರೋಪಿನ ಉದ್ದಗಲಕ್ಕೂ ಅದು ಚಲಾವಣೆಯಾಯಿತು. ಬಡ್ಡಿ ತೆಗೆದುಕೊಳ್ಳುವುದು ಪಾಪವೆಂದು ಚರ್ಚು ಹೇಳುತ್ತಿದ್ದ ಕಾಲ. ಹಾಗಾಗಿ ಬ್ಯಾಂಕಿನವರು ಒಂದು ಊರಿನಲ್ಲಿ ಒಂದು ನಾಣ್ಯ ಕೊಟ್ಟು ಇನ್ನೊಂದು ಊರಿನಲ್ಲಿ ಇನ್ನೊಂದು ನಾಣ್ಯ ಪಡೆಯುವ ಹುಂಡಿ ಬರೆದು, ವಿನಿಮಯದ ದರದಲ್ಲಿ ಬಡ್ಡಿಯನ್ನು ಅಡಗಿಸಿಡುತ್ತಿದ್ದರು. ಇವಳು ಇಟ್ಟಿಗೆ ಸವರಿದ ಹಾಗೆ ನಾನು ಈ ಉಪಾಯವನ್ನು ಮನಸ್ಸಿನಲ್ಲೇ ಸವರಿದೆ.

ಇಳಿದು ಸಾಂತಾ ಕ್ರೋಚೆ ಇಗರ್ಜಿಗೆ ಹೋದದ್ದು ನನ್ನ ಹಟಕ್ಕೆ. ಮೈಕೆಲೇಂಜೆಲೊ, ಗೆಲಿಲಿಯೋ, ಮಾಕಿಯವೆಲ್ಲಿ ಎಲ್ಲ ಅಲ್ಲೇ ಮಲಗಿದ್ದಾರೆ. ಜನ ನಿಲ್ಲುವುದು ಆ ಸಮಾಧಿಗಳ ಮುಂದೆ. ನಾನು ನಿಂತದ್ದು ಬಾರ್ದಿ ಮತ್ತು ಪೆರುಝ್ಝಿ ಮನೆತನಗಳ ಪ್ರಾರ್ಥನಾ ಕೋಣೆಗಳ ಮುಂದೆ. ಆ ಕಾಲದ ಅತಿ ದೊಡ್ಡ ಬ್ಯಾಂಕುಗಳು ಇವು. ಫ್ರಾನ್ಸಿನ ಮೇಲೆ ಯುದ್ಧ ಹೂಡಿದ ಇಂಗ್ಲೆಂಡಿನ ಮೂರನೆ ಎಡ್ವರ್ಡನಿಗೆ ಸಾಲದ ಮೇಲೆ ಸಾಲ ಕೊಟ್ಟರು. ದೊರೆ ಕೈಯೆತ್ತಿದ. ಬೇರೆ ಕಾರಣಗಳೂ ಕೂಡಿಕೊಂಡು 1340ರ ದಶಕದಲ್ಲಿ ಎರಡೂ ದಿವಾಳಿಯೆದ್ದವು.

"ಎನ್‌ಪಿಎ" ಎಂದೆ. ಪಕ್ಕದಲ್ಲಿದ್ದ ಪಾದ್ರಿಯೊಬ್ಬರು ತಿರುಗಿ ನೋಡಿದರು, ಮಂತ್ರವೆಂದುಕೊಂಡರೋ ಏನೋ. ದೊರೆಯ ಮನೆಯನ್ನು ಜಪ್ತಿ ಮಾಡಲಾಗುವುದಿಲ್ಲ. ದೊಡ್ಡ ಸಾಲಗಾರನ ಮುಂದೆ ಬ್ಯಾಂಕಿನವನೇ ಕೈ ಕಟ್ಟಿ ನಿಲ್ಲಬೇಕಾಗುತ್ತದೆಂದು ತಿಳಿಯಲು ನನಗೆ ಫ್ಲಾರೆನ್ಸಿಗೇನೂ ಬರಬೇಕಾಗಿರಲಿಲ್ಲ. ತಮಾಷೆಯೆಂದರೆ, ಬಾರ್ದಿಗಳು ತಮ್ಮ ಕೋಣೆಯ ಗೋಡೆಗೆ ಜಿಯೊತ್ತೊನಿಂದ ಬರೆಸಿಕೊಂಡದ್ದು ಸಂತ ಫ್ರಾನ್ಸಿಸನ ಕತೆ. ಅಪ್ಪನ ದುಡ್ಡು, ಮೈಮೇಲಿನ ಬಟ್ಟೆ ಎರಡನ್ನೂ ಎಸೆದು ಭಿಕ್ಷೆಗೆ ಹೊರಟವನ ಕತೆಗೆ ದುಡ್ಡು ಸುರಿದವರು ಬ್ಯಾಂಕಿನ ಮಾಲೀಕರು! ಮುಂದೆ ಯಾರೋ ಈ ಗೋಡೆಗಳಿಗೆ ಸುಣ್ಣ ಬಳಿದು, ಹತ್ತೊಂಬತ್ತನೆ ಶತಮಾನದಲ್ಲಿ ಮತ್ತೆ ಯಾರೋ ಅದನ್ನು ಕೆರೆದು ತೆಗೆದರು. ಕೆರೆಯುವಾಗ ಹೋದದ್ದು ಹೋಯಿತು, ಉಳಿದದ್ದೇ ಬೇಕಾದಷ್ಟಿದೆ. ಬ್ಯಾಂಕುಗಳ ಆಸ್ತಿಪಟ್ಟಿಯಲ್ಲಿ ಕೊನೆಗೆ ಬೆಲೆ ಉಳಿಸಿಕೊಂಡದ್ದು ಇದೊಂದೇ ಬಾಬತ್ತು.

ಆ ಹೊತ್ತಿಗೆ ಇವಳು ಗೋಡೆಯ ಮೇಲಿನ ನೆರೆಯ ಗುರುತು ಪತ್ತೆ ಮಾಡಿದ್ದಳು. 1966ರ ನವೆಂಬರ್ 4ರಂದು ಆರ್ನೋ ಉಕ್ಕಿ ಊರೊಳಗೆ ನುಗ್ಗಿದಾಗ ಈ ಇಗರ್ಜಿಯಿರುವ ತಗ್ಗಿನಲ್ಲಿ ನೀರು ಆಳೆತ್ತರ ಮೀರಿತ್ತು. ಚಿಮಬೂಯೆ ಬರೆದ ಹಳೆಯ ಶಿಲುಬೆಯ ಚಿತ್ರದ ಬಣ್ಣ ಬಹುಪಾಲು ತೊಳೆದುಹೋಯಿತು. ಕೆಸರಿನಿಂದ ಪುಸ್ತಕ, ಪಟಗಳನ್ನು ಎತ್ತಲು ದೇಶವಿದೇಶದ ಹುಡುಗ ಹುಡುಗಿಯರು ಓಡಿಬಂದರು. ಅವರಿಗೆ ಊರಿನವರು ಇಟ್ಟ ಹೆಸರು ಕೆಸರಿನ ದೇವದೂತರು. "ಎಚ್‌ಎಫ್‌ಎಲ್ ಬರೆದಿಟ್ಟಿದ್ದಾರೆ, ಜಾಣರು" ಎಂದಳು ಇವಳು. ಅತಿ ಹೆಚ್ಚು ನೆರೆಯ ಮಟ್ಟಕ್ಕೆ ಇಲಾಖೆಯವರು ಹೇಳುವುದು ಹಾಗೆ. ಊರ ತುಂಬ ಇಂಥ ಫಲಕಗಳಿವೆ. ಮಧ್ಯಾಹ್ನವೆಲ್ಲ ನಾವು ಅವುಗಳನ್ನು ತಲೆಯೆತ್ತಿ ಓದುತ್ತ ನಡೆದೆವು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಿಬೊಲ್ಲಿತ ಎಂಬ, ಹುರುಳಿಕಾಯಿಯ ಬಿಳಿ ಬೀಜ, ಸೊಪ್ಪು, ಹಳೆಯ ಬ್ರೆಡ್ಡು ಹಾಕಿ ಕುದಿಸಿದ ಸಾರು ಸಸ್ಯಾಹಾರಿಗಳ ಪಾಲಿಗೆ ದೇವರು ಬಂದಂತೆ ಬಂತು. ಬ್ರೆಡ್ಡಿಗೆ ಇಲ್ಲಿ ಉಪ್ಪು ಹಾಕುವುದಿಲ್ಲ, ತಲೆತಲಾಂತರದ ರೂಢಿ. ಇವಳ ಕೈಚೀಲದಿಂದ ಮಾವಿನ ಮಿಡಿ ಹೊರಬಂದ ಮೇಲೆ ಆ ರೂಢಿಯ ಬಗ್ಗೆ ನಮ್ಮ ತಕರಾರು ಉಳಿಯಲಿಲ್ಲ. ಬಿಲ್ಲಿನಲ್ಲಿ ಕೊಪೆರ್ತೊ ಎಂದು ಕೂತದ್ದಕ್ಕೇ ಒಂದು ಶುಲ್ಕ ಇತ್ತು. ನಾನು ಅದನ್ನು ಎರಡು ಸಲ ಓದಿ, ಸೇವಾ ಶುಲ್ಕ ಹಾಕುವ ಜಾತಿಯಿಂದ ಬಂದವನಾದ್ದರಿಂದ ಸುಮ್ಮನೆ ಕೊಟ್ಟೆ.

ಸಿನ್ಯೋರಿಯಾ ಚೌಕದಲ್ಲಿ ಡೇವಿಡ್ ನಿಂತಿದ್ದಾನೆ. 1504ರಲ್ಲಿ ಮೈಕೆಲೇಂಜೆಲೊನ ವಿಗ್ರಹ ನಿಂತದ್ದು ಇಲ್ಲೇ. 1873ರಲ್ಲಿ ಅದನ್ನು ಅಕಾಡೆಮಿಯಾಕ್ಕೆ ಸಾಗಿಸಿದರು, ಈಗ ಹೊರಗಿರುವುದು ಪ್ರತಿರೂಪ. ಮೂಲಕ್ಕೆ ಟಿಕೆಟು, ನಕಲು ಬಿಟ್ಟಿ. ನಾವು ಬಿಟ್ಟಿಯಲ್ಲಿ ತೃಪ್ತಿಪಟ್ಟೆವು. ಅಲ್ಲಿಂದ ನಾಲ್ಕು ಹೆಜ್ಜೆಗೆ ಉಫಿಜಿ. ಸಾಲು ನೋಡಿದರೆ ಕಂಬಗಳ ನಡುವೆ ಹರಿದು ನದಿಯ ದಂಡೆಗೆ ಮುಟ್ಟಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಕೆಲವು ನಿರ್ಣಯಗಳಿಗೆ ಸಭೆ ಸೇರಿಸಬೇಕಿಲ್ಲ.

ಪಕ್ಕದ ಪೊಂತೆ ವೆಕ್ಕಿಯೊ 1345ರ ಸೇತುವೆ. ಮೇಲೆಲ್ಲ ಆಭರಣದ ಅಂಗಡಿ. ಮೊದಲು ಅಲ್ಲಿದ್ದದ್ದು ಕಟುಕರ ಅಂಗಡಿಗಳು. ಅದರ ಮೇಲಿನ ಮಾಳಿಗೆಯ ದಾರಿಯಲ್ಲಿ ಓಡಾಡುವ ಅರಸರಿಗೆ ನಾತ ಹೊಡೆಯುತ್ತದೆಂದು 1593ರಲ್ಲಿ ಒಂದನೆ ಫೆರ್ದಿನಾಂದೊ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. ಬಾಡಿಗೆಯೂ ಚೆನ್ನಾಗಿ ಬಂದಿರಬೇಕು ಎಂದು ನಾನು ಅಂದುಕೊಂಡೆ. 1944ರ ಆಗಸ್ಟಿನಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಊರಿನ ಉಳಿದ ಸೇತುವೆಗಳನ್ನೆಲ್ಲ ಸಿಡಿಸಿ ಇದೊಂದನ್ನೇ ಬಿಟ್ಟಿತು. ಇವಳು ಕಮಾನಿನ ಏರು ನೋಡಲು ಬಗ್ಗಿದ್ದಾಗ ನಾನು ನಕ್ಷೆ ಬಿಡಿಸಿದೆ. ನದಿಯ ಕೆಳಹರಿವಿನ ತುದಿಯಲ್ಲಿ ಇನ್ನೊಂದು ಸೇತುವೆಯ ಹೆಸರು ಕಂಡಿತು: ಪೊಂತೆ ಅಲ್ಲಿಂದಿಯಾನೊ. ಭಾರತೀಯನ ಸೇತುವೆ.

"ಯಾವ ಭಾರತೀಯ?" ಎಂದು ಇವಳು ಕೇಳಿದಳು. "ಎಂಥ ಸೇತುವೆ?" ಎಂಬುದು ಅವಳ ಎರಡನೆಯ ಪ್ರಶ್ನೆ.

ಟ್ರಾಮ್ ಹತ್ತಿ ಕಾಶಿನೆ ಎಂಬ ಉದ್ಯಾನದ ಬಳಿ ಇಳಿದೆವು. ಅದು ಮೂರು ಕಿಲೋಮೀಟರಿಗೂ ಉದ್ದ. ನಮಗೆ ಬೇಕಾದದ್ದು ಅದರ ಆಚೆಯ ತುದಿಯಲ್ಲಿ. ಮರಗಳ ಸಾಲು, ಸೈಕಲ್ಲಿನ ಮಕ್ಕಳು, ಓಟದವರು. ಪ್ರವಾಸಿಗಳು ಒಬ್ಬರೂ ಇಲ್ಲ. ಮಂಡಿಯ ಬೆಲ್ಟನ್ನು ಬಿಗಿ ಮಾಡಿಕೊಳ್ಳುತ್ತ ಇವಳು ನಡೆದೇ ನಡೆದಳು. ಕೊನೆಗೆ ಮುನ್ಯೋನೆ ಎಂಬ ಹಳ್ಳ ಆರ್ನೋವನ್ನು ಸೇರುವಲ್ಲಿ, ಬಣ್ಣ ಬಳಿದ ಒಂದು ಛತ್ರಿ ಮಂಟಪ. ಅದರ ಕೆಳಗೆ ಪೇಟ ತೊಟ್ಟ ಯುವಕನ ಎದೆಮಟ್ಟದ ಪ್ರತಿಮೆ.

ಕೊಲ್ಹಾಪುರದ ರಾಜಾರಾಮ ಮಹಾರಾಜ. 1870ರಲ್ಲಿ ಇಂಗ್ಲೆಂಡಿಗೆ ಹೋಗಿ, ಯುರೋಪು ಸುತ್ತಿಕೊಂಡು ಊರಿಗೆ ಮರಳುವ ದಾರಿಯಲ್ಲಿ ಕಾಯಿಲೆ ಬಿದ್ದು, ನವೆಂಬರ್ 30ರಂದು ಇಲ್ಲಿಯ ಹೋಟೆಲೊಂದರಲ್ಲಿ ತೀರಿಕೊಂಡ. ವಯಸ್ಸು ಇಪ್ಪತ್ತು. ಆಗ ಫ್ಲಾರೆನ್ಸೇ ಇಟಲಿಯ ರಾಜಧಾನಿ. ಹೆಣ ಸುಡುವ ರೂಢಿಯೇ ಇಲ್ಲದ ನಾಡಿನಲ್ಲಿ ಸರ್ಕಾರದಿಂದ ವಿಶೇಷ ಅನುಮತಿ ಪಡೆದು, ಸಂಗಮವೊಂದನ್ನು ಹುಡುಕಿ, ಜೊತೆಗೆ ಬಂದಿದ್ದ ಪರಿವಾರದವರು ಈ ದಂಡೆಯಲ್ಲಿ ಸಂಸ್ಕಾರ ಮಾಡಿದರು. 1874ರಲ್ಲಿ ಸ್ಮಾರಕ ಎದ್ದಿತು. ಪ್ರತಿಮೆ ಫುಲ್ಲರ್ ಎಂಬ ಇಂಗ್ಲಿಷ್ ಶಿಲ್ಪಿಯದು. ಮಂಟಪದ ವಿನ್ಯಾಸ ಚಾರ್ಲ್ಸ್ ಮ್ಯಾಂಟನದು. ಕೊಲ್ಹಾಪುರದ ಹೊಸ ಅರಮನೆಯ ವಿನ್ಯಾಸವೂ ಅವನದೇ. ಮಹಾಲಕ್ಷ್ಮಿಯ ದರ್ಶನಕ್ಕೆ ಹೋದಾಗಲೆಲ್ಲ ಆ ಅರಮನೆಯನ್ನು ಸುತ್ತುಹಾಕಿ ಬಂದವರು ನಾವು. ಈ ಹುಡುಗನ ಹೆಸರಿನ ರಾಜಾರಾಮ ಕಾಲೇಜಿನಲ್ಲೇ ಕೆ.ಜಿ. ಕುಂದಣಗಾರರು ಕನ್ನಡ ಕಲಿಸಿದ್ದು, ವಿ.ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದದ್ದು. ಪ್ರವಾಸದಲ್ಲಿ ಅವನು ಬರೆದಿಟ್ಟ ದಿನಚರಿಯನ್ನು ಜೊತೆಗಿದ್ದ ಇಂಗ್ಲಿಷ್ ಅಧಿಕಾರಿ ವೆಸ್ಟ್ 1872ರಲ್ಲಿ ಅಚ್ಚು ಹಾಕಿಸಿದ. ಅವನಿಗೂ ನೋಡಬೇಕಾದ ಜಾಗಗಳ ಪಟ್ಟಿಯನ್ನು ಯಾರೋ ಮಾಡಿಕೊಟ್ಟಿರುತ್ತಾರೆ.

ಇಲ್ಲಿ ದುಡ್ಡಿನವರ ಪಾಲೆಷ್ಟು, ಇಟ್ಟಿಗೆಯವರ ಪಾಲೆಷ್ಟು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಇವಳು ಪ್ರತಿಮೆಯ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು, "ಇನ್ನೂ ಹುಡುಗ" ಎಂದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಸೇತುವೆಯ ಕಡೆ ತಿರುಗಿದಳು. ಉಕ್ಕಿನ ಕೇಬಲ್ಲುಗಳಿಂದ ಜಗ್ಗಿ ನಿಲ್ಲಿಸಿದ 1978ರ ಸೇತುವೆ ಅದು. ಪಕ್ಕದ ಸ್ಮಾರಕದ ದೆಸೆಯಿಂದ ಅದಕ್ಕೆ ಆ ಹೆಸರು. ಲಾರಿಗಳು ಗುಡುಗುಡು ಎನ್ನುತ್ತಿದ್ದವು. ನೀರಿನ ನಡುವೆ ಒಂದೂ ಕಂಬವಿಲ್ಲದ್ದನ್ನು ಕಂಡು ಇವಳು ಹಿಗ್ಗಿದಳು. 1966ರ ನೀರು ಬಂದರೆ ಎಲ್ಲಿಯವರೆಗೆ ಮುಟ್ಟಬಹುದೆಂದು ಬೆರಳಿನಿಂದ ಗಾಳಿಯಲ್ಲೇ ಗೆರೆ ಎಳೆದು ತೋರಿಸಿದಳು. ನಾನು ಸ್ಮಾರಕದ ಬಣ್ಣ ಈಚೆಗೆ ಬಳಿದದ್ದಿರಬಹುದೇ, ಅದರ ಖರ್ಚು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ ಎಂದು ಯೋಚಿಸುತ್ತಿದ್ದೆ.

ವಾಪಸು ಟ್ರಾಮಿಗೆ ನಡೆಯುವಾಗ ಮಗಳ ಫೋನು.

"ಉಫಿಜಿ ಹೇಗಿತ್ತಪ್ಪ?"

"ಸಾಲು ಚೆನ್ನಾಗಿತ್ತು."

"ಅಂದ್ರೆ ಒಳಗೆ ಹೋಗ್ಲೇ ಇಲ್ವಾ? ಹಾಗಾದ್ರೆ ಇಡೀ ದಿನ ಏನ್ ಮಾಡಿದ್ರಿ ಇಬ್ರೂ?"

ಇವಳು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ತಪಾಸಣೆ ಮಾಡಿದ್ವಿ ಕಣೇ. ನಾನು ಅಳತೆ ಪುಸ್ತಕ ಬರೆದಾಯ್ತು, ಕೆಲಸ ಸರಿಯಾಗಿದೆ. ಬಿಲ್ಲಿಗೆ ನಿಮ್ಮಪ್ಪ ಸಹಿ ಹಾಕ್ಬೇಕಷ್ಟೆ."

"ಗುಮ್ಮಟದಲ್ಲಿ ಬಿರುಕಿದೆ" ಎಂದು ನಾನು ಪಕ್ಕದಿಂದಲೇ ಕೂಗಿದೆ. "ಸಹಿ ಹಾಕಲ್ಲ."